ಟಾಕಿಯ ಮಟ್ಟ, ನಳದ ನೀರು: ಗಿಡದೊಳಗಿನ ಪ್ರೋಟೀನು ತಯಾರಿಕೆಯನ್ನು ಅಳೆಯುವ ಬಗೆ

ಹುಗ್ಗಿಗೂ ಮಾದಲಿಗೂ ಜವೆ ಗೋಧಿಯೇ ಆಗಬೇಕೆಂದು ಹಟ ಹಿಡಿಯುವ ಮನೆಗಳು ಧಾರವಾಡ ಸೀಮೆಯಲ್ಲಿ ಇನ್ನೂ ಇವೆ. ಪೇಟೆಯಲ್ಲಿ ಅದಕ್ಕೆ ಸದಕ, ಕಪ್ಲಿ ಎಂಬ ಹೆಸರುಗಳೂ ಉಂಟು. ವಿಜ್ಞಾನಿಗಳ ಬಾಯಲ್ಲಿ ಡೈಕೊಕಮ್. ಒಕ್ಕಿದರೂ ಹೊಟ್ಟು ಬಿಡದ, ಕುಟ್ಟಿಯೇ ಸುಲಿಯಬೇಕಾದ ಈ ಹಳೆಯ ಗೋಧಿಯ ಮೇಲೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಹುಕಾಲದಿಂದ ಕೆಲಸ ಮಾಡಿದೆ. ಡಿಡಿಕೆ 1025, ಡಿಡಿಕೆ 1029 ಎಂಬ ತಳಿಗಳು ಅಲ್ಲಿಂದಲೇ ಬಂದವು. ಶಾವಿಗೆಗೆ ಇದರಷ್ಟು ಒಪ್ಪುವ ಗೋಧಿ ಸಿಗುವುದು ಕಷ್ಟ. ಆದರೆ ಬೇಕರಿಯವನು ಇದೇ ಹಿಟ್ಟನ್ನು ನಾದಿ ಬ್ರೆಡ್ಡಿಗೆ ಇಟ್ಟರೆ ಸರಿಯಾಗಿ ಉಬ್ಬುವುದಿಲ್ಲ.

ಪ್ರೋಟೀನು ಕಡಿಮೆ ಇರುವುದಕ್ಕೆ ಹೀಗಾಗುತ್ತದೆಯೇ ಎಂದರೆ, ಅಲ್ಲ. ಜವೆ ಗೋಧಿಯ ಹೆಸರಿರುವುದೇ ಪ್ರೋಟೀನಿಗಾಗಿ. ಕಾಳಿನಲ್ಲಿ ಒಟ್ಟು ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಯಾವ ಯಾವ ಪ್ರೋಟೀನುಗಳಿವೆ ಎಂಬುದು ಇನ್ನೊಂದು. ಈ ಎರಡನ್ನೂ ದಾಟಿ ಮೂರನೆಯದು ಒಂದಿದೆ: ಗಿಡ ಈ ಗಳಿಗೆಯಲ್ಲಿ ಯಾವುದನ್ನು, ಎಷ್ಟು ವೇಗದಲ್ಲಿ ತಯಾರಿಸುತ್ತಿದೆ? ಸಸ್ಯ ಪ್ರಯೋಗಾಲಯದ ಬೆಂಚಿನ ಮೇಲೆ ಸಾಲಾಗಿ ಕೂತಿರುವ ಉಪಕರಣಗಳಲ್ಲಿ ಯಾವುದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದು ತಿಳಿಯದೆ ಹೋದರೆ, ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿಬಿಡುತ್ತೇವೆ. ಸ್ನಾತಕೋತ್ತರ ಪ್ರಬಂಧಗಳಲ್ಲಿ ಇದು ಅಪರೂಪದ ತಪ್ಪೇನಲ್ಲ.

ಮೊದಲ ಪ್ರಶ್ನೆಯ ಉತ್ತರ ಹಳೆಯದು. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿದ್ದಾಗ ಹೊಂದಿಸಿದ ವಿಧಾನ ಅದು. ಕಾಳಿನ ಹಿಟ್ಟನ್ನು ಗಂಧಕಾಮ್ಲದಲ್ಲಿ ಕುದಿಸಿದರೆ ಅದರೊಳಗಿನ ಸಾರಜನಕ ಅಮೋನಿಯಾ ರೂಪಕ್ಕೆ ಬರುತ್ತದೆ. ಅದನ್ನು ಅಳೆದು ಸಾಮಾನ್ಯ ಆಹಾರಕ್ಕಾದರೆ 6.25ರಿಂದ, ಗೋಧಿಗಾದರೆ 5.7ರಿಂದ ಗುಣಿಸಿದರೆ ಪ್ರೋಟೀನಿನ ಅಂದಾಜು. ಈ ವಿಧಾನ ನೋಡುವುದು ಸಾರಜನಕವನ್ನು ಮಾತ್ರ, ಪ್ರೋಟೀನನ್ನಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಸಾರಜನಕ ತುಂಬಿದ ಮೆಲಮೈನ್ ಹಾಕಿ ಪರೀಕ್ಷೆ ದಾಟಿಸಿದ್ದು ಇದೇ ಸಂದಿಯಲ್ಲಿ. ಎಲೆಯ ರಸದಂಥ ದ್ರವಕ್ಕೆ 1976ರ ಬ್ರಾಡ್‌ಫೋರ್ಡ್ ಪರೀಕ್ಷೆ ಸಲೀಸು: ಕೂಮಾಸಿ ಬಣ್ಣ ಪ್ರೋಟೀನಿಗೆ ಅಂಟಿ ಕಂದಿನಿಂದ ನೀಲಿಗೆ ತಿರುಗುತ್ತದೆ, 595 ನ್ಯಾನೊಮೀಟರ್ ಬೆಳಕಿನಲ್ಲಿ ಓದಿದರೆ ಮುಗಿಯಿತು.

ಎರಡನೆಯ ಪ್ರಶ್ನೆಗೆ ಜೆಲ್ ಬೇಕು. 1970ರಲ್ಲಿ ಲೆಮ್ಲಿ ರೂಪಿಸಿಕೊಟ್ಟ ಎಸ್‌ಡಿಎಸ್-ಪೇಜ್ ಇಂದಿಗೂ ಜೀವಶಾಸ್ತ್ರದ ಪ್ರಯೋಗಾಲಯಗಳ ನಿತ್ಯದ ಕೆಲಸ. ಎಸ್‌ಡಿಎಸ್ ಎಂಬ ಸಾಬೂನಿನಂಥ ರಾಸಾಯನಿಕ ಪ್ರೋಟೀನಿನ ಮಡಿಕೆಗಳನ್ನು ಬಿಡಿಸಿ, ಸರಪಳಿಯ ಉದ್ದಕ್ಕೆ ತಕ್ಕಷ್ಟು ಋಣ ವಿದ್ಯುದಂಶ ಹೊದಿಸುತ್ತದೆ. ವಿದ್ಯುತ್ ಹರಿಸಿದಾಗ ಚಿಕ್ಕವು ಜೆಲ್ಲಿನ ಜಾಲದಲ್ಲಿ ಬೇಗ ನುಸುಳಿ ಕೆಳಗೆ ಹೋಗುತ್ತವೆ, ದೊಡ್ಡವು ಮೇಲೆಯೇ ಉಳಿಯುತ್ತವೆ. ಬಣ್ಣ ಹಾಕಿದರೆ ಒಂದರ ಕೆಳಗೊಂದು ನೀಲಿ ಪಟ್ಟಿಗಳು. ಬ್ರೆಡ್ಡಿನ ಗೋಧಿಯನ್ನೂ ಜವೆ ಗೋಧಿಯನ್ನೂ ಪಕ್ಕಪಕ್ಕದ ಓಣಿಗಳಲ್ಲಿ ಓಡಿಸಿದರೆ ಬೇಕರಿಯವನ ಸಮಸ್ಯೆ ಕಣ್ಣಿಗೇ ಕಾಣುತ್ತದೆ. ಬ್ರೆಡ್ಡಿನ ಗೋಧಿಯಲ್ಲಿ ಎ, ಬಿ, ಡಿ ಎಂಬ ಮೂರು ಜೀನೋಮುಗಳಿದ್ದು 42 ವರ್ಣತಂತುಗಳಿವೆ. ಜವೆ ಗೋಧಿಯಲ್ಲಿ ಎ, ಬಿ ಎರಡೇ, 28 ವರ್ಣತಂತು. ಹಿಟ್ಟಿಗೆ ಬಿಗಿ, ಹಿಗ್ಗು ಕೊಡುವ ಭಾರೀ ಗ್ಲುಟೆನಿನ್‌ಗಳಲ್ಲಿ ಬೇಕರಿಗೆ ಅತಿ ಮುಖ್ಯವಾದ 5+10 ಎಂಬ ಜೋಡಿ ಡಿ ಜೀನೋಮಿನ ಸ್ವತ್ತು. ಡಿ ಇಲ್ಲದ ಗೋಧಿಯಲ್ಲಿ ಆ ಪಟ್ಟಿಗಳೂ ಇಲ್ಲ.

ಇಲ್ಲಿಯವರೆಗೆ ನಾವು ಅಳೆದದ್ದೆಲ್ಲ ಆಗಲೇ ಆಗಿಹೋದ ಕೆಲಸವನ್ನು. ಹುಬ್ಬಳ್ಳಿ-ಧಾರವಾಡದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಮನೆ ಮೇಲಿನ ಟಾಕಿ ತುಂಬಿದೆ ಎಂದರೆ ನಳ ಬಂದಿದೆ ಎಂದರ್ಥವಲ್ಲ. ನಾಲ್ಕು ದಿನದ ಹಿಂದೆ ಬಂದದ್ದು ಖರ್ಚಾಗದೆ ಉಳಿದಿರಬಹುದು. ಟಾಕಿ ಅರ್ಧಕ್ಕಿಳಿದಿದ್ದರೆ ನಳ ನಿಂತಿದೆ ಎಂದೂ ಅಲ್ಲ. ಜೀವಕೋಶದಲ್ಲಿ ಒಂದು ಪ್ರೋಟೀನಿನ ಪ್ರಮಾಣವೆಂದರೆ ತಯಾರಾದದ್ದರಲ್ಲಿ ಕರಗಿಹೋದದ್ದನ್ನು ಕಳೆದ ಮೊತ್ತ. ಬ್ರಾಡ್‌ಫೋರ್ಡ್, ಬಣ್ಣ ಹಾಕಿದ ಜೆಲ್, ಪ್ರತಿಕಾಯದಿಂದ ಒಂದೊಂದೇ ಪ್ರೋಟೀನನ್ನು ಗುರುತಿಸುವ ವೆಸ್ಟರ್ನ್ ಬ್ಲಾಟ್, ಎಲ್ಲವೂ ಮಟ್ಟವನ್ನು ಹೇಳುತ್ತವೆ. ತಯಾರಿಕೆಯನ್ನು ನೋಡಬೇಕಾದರೆ ಬೇರೆಯೇ ಉಪಾಯ ಹೂಡಬೇಕು.

ಅವುಗಳಲ್ಲಿ ಹಿರಿಯದು ವಿಕಿರಣದ ಗುರುತು. ಮಿಥಿಯೊನಿನ್ ಎಂಬ ಅಮೈನೊ ಆಮ್ಲದಲ್ಲಿ ಗಂಧಕದ ಒಂದು ಪರಮಾಣು ಇದೆ. ಅದರ ಜಾಗದಲ್ಲಿ ವಿಕಿರಣಶೀಲ ಗಂಧಕ-35 ಕೂರಿಸಿದ ಮಿಥಿಯೊನಿನ್ನನ್ನು ಸಸಿಗೆ ಸ್ವಲ್ಪ ಹೊತ್ತು ಕುಡಿಸುತ್ತಾರೆ. ಆ ಹೊತ್ತಿನಲ್ಲಿ ಹೊಸದಾಗಿ ನೇಯ್ದ ಪ್ರೋಟೀನುಗಳಿಗೆ ಮಾತ್ರ ಗುರುತು ಬೀಳುತ್ತದೆ. ಅದನ್ನು ಜೆಲ್ಲಿನಲ್ಲಿ ಓಡಿಸಿ, ಒಣಗಿಸಿ, ಎಕ್ಸ್‌ರೇ ಫಿಲ್ಮಿನಡಿ ಇಟ್ಟರೆ ಹಳೆಯದೆಲ್ಲ ಮರೆಯಾಗಿ ಹೊಸದಷ್ಟೇ ಕಪ್ಪಗೆ ಮೂಡುತ್ತದೆ.

ಇದರ ಬಲ ತಿಳಿಯಬೇಕಾದರೆ ನಮ್ಮ ಮುಂಗಾರಿನ ಬೆಳೆಯಾದ ಸೋಯಾ ಅವರೆಯ ಕತೆ ಕೇಳಬೇಕು. 1981ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಜೋ ಕೀ ಮತ್ತು ಸಂಗಡಿಗರು ಸೋಯಾ ಮೊಳಕೆಗಳನ್ನು 28 ಡಿಗ್ರಿಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ನೋಡಿದರು. ವಿಕಿರಣದ ಗುರುತು ಹಾಕಿದಾಗ, ಎಂದಿನ ಪ್ರೋಟೀನುಗಳ ತಯಾರಿಕೆ ಬಹುಪಾಲು ತಗ್ಗಿ, ಅದುವರೆಗೆ ಇಲ್ಲದ ಹೊಸ ಗುಂಪೊಂದು ಫಿಲ್ಮಿನ ಮೇಲೆ ಮೂಡಿತು. ಇಂದು ನಾವು ಶಾಖಾಘಾತ ಪ್ರೋಟೀನುಗಳೆನ್ನುವುದು ಇವನ್ನೇ. ಬಿಸಿಗೆ ಮಡಿಕೆ ತಪ್ಪುವ ಇತರ ಪ್ರೋಟೀನುಗಳನ್ನು ಹಿಡಿದು ಕಾಪಾಡುವುದು ಇವುಗಳ ಕೆಲಸ. ಹಳೆಯ ಪ್ರೋಟೀನುಗಳೆಲ್ಲ ಕೋಶದಲ್ಲಿ ಹಾಗೆಯೇ ಇರುವುದರಿಂದ, ಅದೇ ಮಾದರಿಗೆ ನೀಲಿ ಬಣ್ಣವಷ್ಟೇ ಹಾಕಿದ್ದರೆ ಎರಡು ಓಣಿಗಳೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಿದ್ದವು. ಗಿಡ ತನ್ನ ಇಡೀ ಉತ್ಪಾದನೆಯ ದಿಕ್ಕನ್ನೇ ಬದಲಿಸಿದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆದರೆ ಗಂಧಕ-35 ಸುಮ್ಮನೆ ತರಿಸಿಕೊಳ್ಳುವ ಸಾಮಾನಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ, ಪ್ರತ್ಯೇಕ ಕೋಣೆ, ತರಬೇತಾದ ಜವಾಬ್ದಾರರು, ತ್ಯಾಜ್ಯದ ದಾಖಲೆ ಎಲ್ಲವೂ ಬೇಕು. ಅದರ ಅರ್ಧಾಯುಷ್ಯ ಸುಮಾರು 87 ದಿನ. ಹತ್ತು ಅರ್ಧಾಯುಷ್ಯ ಕಾಯುವ ವಾಡಿಕೆಯಂತೆ ಕಸವನ್ನು ಎರಡು ವರ್ಷ ಮೀರಿ ಕಪಾಟಿನಲ್ಲಿಡಬೇಕು. ಸಸ್ಯದ ಕೆಲಸದಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಬರಕ್ಕೆ ಬಾಡಿದ ಎಲೆ ನೀರನ್ನೇ ಸರಿಯಾಗಿ ಹೀರದು, ಇನ್ನು ಗುರುತಿನ ಮಿಥಿಯೊನಿನ್ ಹೀರೀತೇ? ಫಿಲ್ಮು ಮಂಕಾದರೆ ಪ್ರೋಟೀನು ತಯಾರಿಕೆ ನಿಂತಿದೆ ಎಂದು ಬರೆದುಬಿಡುತ್ತೇವೆ. ನಿಜದಲ್ಲಿ ನಿಂತದ್ದು ಹೀರುವಿಕೆ. ಅದಕ್ಕಾಗಿ ಎಲೆಯೊಳಗೆ ಹೋದ ಒಟ್ಟು ವಿಕಿರಣವನ್ನೂ, ಟ್ರೈಕ್ಲೋರೋ ಅಸೆಟಿಕ್ ಆಮ್ಲ ಹಾಕಿದಾಗ ಪ್ರೋಟೀನಿನ ಜೊತೆ ತಳಕ್ಕಿಳಿಯುವ ವಿಕಿರಣವನ್ನೂ ಬೇರೆ ಬೇರೆ ಎಣಿಸಿ, ಎರಡರ ಅನುಪಾತ ನೋಡಬೇಕು. ಮೇಲಾಗಿ ಗಿಡ ಎಲ್ಲ ಅಮೈನೊ ಆಮ್ಲಗಳನ್ನೂ ತಾನೇ ತಯಾರಿಸಿಕೊಳ್ಳುತ್ತದೆ. ನಾವು ಕೊಟ್ಟ ಗುರುತು ಅದರ ಸ್ವಂತ ಮಿಥಿಯೊನಿನ್‌ನಲ್ಲಿ ಬೆರೆತು ತೆಳುವಾಗುತ್ತದೆ.

ಇದೇ ಸ್ವಾವಲಂಬನೆ ಇನ್ನೊಂದು ಕಡೆ ವರವೂ ಆಗಿದೆ. ಪ್ರಾಣಿಗಳ ಕೋಶಗಳಿಗೆ ದುಬಾರಿ ಗುರುತಿನ ಅಮೈನೊ ಆಮ್ಲಗಳನ್ನೇ ತಿನ್ನಿಸಬೇಕು. ಗಿಡಕ್ಕಾದರೆ ಸಾರಜನಕ-15 ಇರುವ ನೈಟ್ರೇಟ್ ಗೊಬ್ಬರ ಕೊಟ್ಟರಾಯಿತು, ಉಳಿದದ್ದನ್ನು ಅದೇ ಮಾಡಿಕೊಳ್ಳುತ್ತದೆ. ಸಾರಜನಕ-15 ವಿಕಿರಣಶೀಲವಲ್ಲ, ಬರೀ ಒಂದು ಗುಂಜಿ ಭಾರ ಹೆಚ್ಚು. ಪ್ರಕೃತಿಯ ಸಾರಜನಕದಲ್ಲಿ ಅದು ಶೇ 0.37ರಷ್ಟು ಮಾತ್ರ ಇರುತ್ತದೆ. ಕೆಲ ದಿನ ಬಿಟ್ಟು ಎಲೆಯ ಪ್ರೋಟೀನುಗಳನ್ನು ತುಂಡರಿಸಿ ದ್ರವ್ಯರಾಶಿ ರೋಹಿತಮಾಪಕಕ್ಕೆ, ಅಂದರೆ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟರೆ, ಹಗುರವಾದವು ಹಳೆಯವು, ಭಾರವಾದವು ಹೊಸವು. ಇಂಥ ಯಂತ್ರ ಪ್ರತಿ ವಿಭಾಗದಲ್ಲಿ ಇರಬೇಕಾಗಿಲ್ಲ. ಬೆಂಗಳೂರಿನ ಸಿ-ಕ್ಯಾಂಪ್‌ನಂಥ ಕೇಂದ್ರಗಳು ಹೊರಗಿನವರ ಮಾದರಿಗಳನ್ನೂ ಶುಲ್ಕ ಪಡೆದು ಪರೀಕ್ಷಿಸಿಕೊಡುತ್ತವೆ.

ವಿಕಿರಣದ ಪರವಾನಗಿ ಇಲ್ಲದ ಪ್ರಯೋಗಾಲಯಕ್ಕೆ ನನ್ನ ಮೊದಲ ಶಿಫಾರಸು ಪ್ಯೂರೋಮೈಸಿನ್. ಇದು ಮಣ್ಣಿನ ಸೂಕ್ಷ್ಮಾಣುವೊಂದರಿಂದ ಬಂದ ಪ್ರತಿಜೀವಕ. ಅಮೈನೊ ಆಮ್ಲ ಹೊತ್ತು ತರುವ ಆರ್‌ಎನ್‌ಎಯ ತುದಿಯಂತೆ ವೇಷ ಹಾಕಿ ರೈಬೋಸೋಮಿನೊಳಗೆ ನುಗ್ಗುತ್ತದೆ. ರೈಬೋಸೋಮು ಮೋಸಹೋಗಿ ಬೆಳೆಯುತ್ತಿರುವ ಸರಪಳಿಗೆ ಅದನ್ನೇ ಜೋಡಿಸುತ್ತದೆ, ಸರಪಳಿ ಅಲ್ಲಿಗೇ ಕಡಿದು ಉದುರುತ್ತದೆ. ಪ್ರಮಾಣ ಅತಿ ಕಡಿಮೆ, ಅವಧಿ ಚಿಕ್ಕದು ಇದ್ದರೆ ಕೋಶಕ್ಕೆ ದೊಡ್ಡ ಧಕ್ಕೆಯಾಗದೆ, ಆ ಹೊತ್ತಿನಲ್ಲಿ ನೇಯುತ್ತಿದ್ದ ಸರಪಳಿಗಳಲ್ಲಿ ಕೆಲವಕ್ಕೆ ಪ್ಯೂರೋಮೈಸಿನ್ನಿನ ಬಾಲ ಹತ್ತಿರುತ್ತದೆ. ಆ ಬಾಲವನ್ನು ಹಿಡಿಯುವ ಪ್ರತಿಕಾಯದಿಂದ ವೆಸ್ಟರ್ನ್ ಬ್ಲಾಟ್ ಮಾಡಿದರೆ ಓಣಿಯುದ್ದಕ್ಕೂ ಮಸಿ ಎಳೆದಂತೆ ಕಪ್ಪು. ಕಪ್ಪು ಗಾಢವಾದಷ್ಟೂ ತಯಾರಿಕೆ ಜೋರು. 2009ರಲ್ಲಿ ಪ್ರಾಣಿಕೋಶಗಳಿಗೆಂದು ಪ್ರಕಟವಾದ ಈ ವಿಧಾನ ಸಸ್ಯಗಳಿಗೂ ಒಗ್ಗಿದೆ. ಒಂದು ಓಣಿಯನ್ನು ಮಾತ್ರ ತಪ್ಪದೆ ಮೀಸಲಿಡಬೇಕು: ಮೊದಲೇ ಸೈಕ್ಲೋಹೆಕ್ಸಿಮೈಡ್ ಕೊಟ್ಟು ತಯಾರಿಕೆ ನಿಲ್ಲಿಸಿದ ಎಲೆ. ಅಲ್ಲೂ ಅಷ್ಟೇ ಕಪ್ಪು ಬಂದರೆ ನಿಮ್ಮ ಪ್ರತಿಕಾಯ ಸಿಕ್ಕಸಿಕ್ಕದ್ದಕ್ಕೆಲ್ಲ ಅಂಟುತ್ತಿದೆ ಎಂದು ತಿಳಿಯಿರಿ. ಪೊರೆಯನ್ನು ಪೊನ್ಸೊ ಬಣ್ಣದಿಂದ ಒಮ್ಮೆ ನೋಡಿ, ಎಲ್ಲ ಓಣಿಗಳಲ್ಲೂ ಸಮನಾಗಿ ಸುರಿದಿದ್ದೀರಾ ಎಂಬುದನ್ನೂ ಖಾತ್ರಿ ಮಾಡಿಕೊಳ್ಳಬೇಕು.

ಮಿಥಿಯೊನಿನ್‌ನ ಜಾಗದಲ್ಲಿ ಕೂರುವ ಕೃತಕ ಅಮೈನೊ ಆಮ್ಲವೊಂದನ್ನು ಕೊಟ್ಟು, ಆಮೇಲೆ ಅದಕ್ಕೆ ಹೊಳೆಯುವ ಬಣ್ಣವನ್ನು ರಾಸಾಯನಿಕವಾಗಿ ಕೊಂಡಿ ಹಾಕುವ ಮಾರ್ಗವೂ ಇದೆ. 2022ರ ನೊಬೆಲ್ ಪಡೆದ ‘ಕ್ಲಿಕ್ ರಸಾಯನಶಾಸ್ತ್ರ’ ಅದರ ಬೆನ್ನೆಲುಬು. ಚೆಂದದ ವಿಧಾನ, ಆದರೆ ಕಾರಕಗಳ ಬಿಲ್ಲು ನೋಡಿದ ಮೇಲೆ ಅನೇಕರು ಪ್ಯೂರೋಮೈಸಿನ್ನಿಗೇ ಮರಳುತ್ತಾರೆ.

ಸೈಕ್ಲೋಹೆಕ್ಸಿಮೈಡ್ ಮಾತು ಬಂದದ್ದರಿಂದ ನಿರೋಧಕಗಳ ವಿಷಯಕ್ಕೆ ಬರೋಣ. ಸಸ್ಯಗಳಲ್ಲಿ ಇವು ವಿಶೇಷ ರುಚಿಯ ಸಾಧನಗಳು. ಗಿಡದ ಕೋಶದಲ್ಲಿ ಪ್ರೋಟೀನು ತಯಾರಾಗುವುದು ಒಂದೇ ಜಾಗದಲ್ಲಲ್ಲ. ಕೋಶದ್ರವದಲ್ಲಿ 80 ಎಸ್ ಗಾತ್ರದ ರೈಬೋಸೋಮುಗಳು. ಪತ್ರಹರಿತ್ತಿನ ಮನೆಯಾದ ಕ್ಲೋರೋಪ್ಲಾಸ್ಟಿನೊಳಗೆ ಬ್ಯಾಕ್ಟೀರಿಯಾದ್ದನ್ನು ಹೋಲುವ 70 ಎಸ್ ರೈಬೋಸೋಮುಗಳು. ಮೈಟೋಕಾಂಡ್ರಿಯಾದಲ್ಲಿ ಮತ್ತೊಂದು ಬಗೆ. ಸೈಕ್ಲೋಹೆಕ್ಸಿಮೈಡ್ ಕೋಶದ್ರವದ್ದನ್ನು ನಿಲ್ಲಿಸುತ್ತದೆ, ಕ್ಲೋರೋಪ್ಲಾಸ್ಟನ್ನು ಮುಟ್ಟುವುದಿಲ್ಲ. ಕ್ಲೋರಾಂಫೆನಿಕಾಲ್, ಲಿಂಕೊಮೈಸಿನ್ ಎಂಬ ಬ್ಯಾಕ್ಟೀರಿಯಾ ವಿರೋಧಿ ಔಷಧಗಳು ಕ್ಲೋರೋಪ್ಲಾಸ್ಟಿನದ್ದನ್ನು ನಿಲ್ಲಿಸುತ್ತವೆ, ಕೋಶದ್ರವದ್ದನ್ನು ಬಿಡುತ್ತವೆ. ಎಲೆಯ ಕರಗುವ ಪ್ರೋಟೀನಿನಲ್ಲಿ ಅರ್ಧದವರೆಗೂ ಇರುವ, ಗಾಳಿಯ ಇಂಗಾಲವನ್ನು ಹಿಡಿಯುವ ರುಬಿಸ್ಕೊ ಎರಡೂ ಕಡೆಯ ಕೂಡು ಉತ್ಪನ್ನ. ಅದರ ದೊಡ್ಡ ಭಾಗ ಕ್ಲೋರೋಪ್ಲಾಸ್ಟಿನೊಳಗೇ ತಯಾರಾಗುತ್ತದೆ, ಚಿಕ್ಕ ಭಾಗ ಹೊರಗೆ ತಯಾರಾಗಿ ಒಳಗೆ ಬಂದು ಸೇರುತ್ತದೆ. 1973ರಲ್ಲಿ ಬ್ಲೇರ್ ಮತ್ತು ಎಲ್ಲಿಸ್ ಬಟಾಣಿ ಎಲೆಯಿಂದ ಕ್ಲೋರೋಪ್ಲಾಸ್ಟುಗಳನ್ನು ಇಡಿಯಾಗಿ ಬೇರ್ಪಡಿಸಿ, ಕೊಳವೆಯಲ್ಲಿಟ್ಟು ಬರೀ ಬೆಳಕಿನ ಶಕ್ತಿಯಿಂದ ಅವು ದೊಡ್ಡ ಭಾಗವನ್ನು ನೇಯುವುದನ್ನು ತೋರಿಸಿದರು.

ನಿರೋಧಕವೊಂದರಿಂದಲೇ ಹೊರಬಿದ್ದ ಇನ್ನೊಂದು ಸಂಗತಿ ಹತ್ತಿಯದು. ವರಲಕ್ಷ್ಮಿ, ಜಯಲಕ್ಷ್ಮಿ ಹೈಬ್ರಿಡ್‌ಗಳು ಹುಟ್ಟಿದ ಧಾರವಾಡದಲ್ಲಿ, ಅರಳೆ ಪೇಟೆಯ ಹುಬ್ಬಳ್ಳಿಯಲ್ಲಿ ಹತ್ತಿ ಬೀಜ ಹೊಸ ಸಾಮಾನೇನಲ್ಲ. 1965ರಲ್ಲಿ ಡ್ಯೂರ್ ಮತ್ತು ವಾಟರ್ಸ್ ಹತ್ತಿ ಬೀಜಕ್ಕೆ ಆಕ್ಟಿನೋಮೈಸಿನ್ ಕೊಟ್ಟು ಹೊಸ ಆರ್‌ಎನ್‌ಎ ತಯಾರಿಕೆಯನ್ನು ತಡೆದರು. ಆದರೂ ಬೀಜ ಮೊಳೆಯಿತು, ಪ್ರೋಟೀನು ತಯಾರಿಕೆಯೂ ನಡೆಯಿತು. ಅಂದರೆ ತಾಯಿಗಿಡದ ಮೇಲಿದ್ದಾಗಲೇ ಬರೆದಿಟ್ಟ ಸಂದೇಶವಾಹಕ ಆರ್‌ಎನ್‌ಎ ಒಣ ಬೀಜದೊಳಗೆ ತಿಂಗಳುಗಟ್ಟಲೆ ಕಾದಿರುತ್ತದೆ, ನೀರು ಸೋಕಿದ ಕೂಡಲೇ ಕೆಲಸಕ್ಕೆ ಬೀಳುತ್ತದೆ. ನಿರೋಧಕಗಳನ್ನು ಬಳಸುವವರು ಅವಧಿಯ ಕಡೆ ಕಣ್ಣಿಡಬೇಕು. ಕೆಲವೇ ಗಂಟೆಗಳಲ್ಲಿ ಕೋಶದ ಎಲ್ಲ ಲೆಕ್ಕವೂ ಏರುಪೇರಾಗಿ, ನೋಡಿದ್ದು ಔಷಧದ ನೇರ ಪರಿಣಾಮವೋ ಸಾಯುತ್ತಿರುವ ಕೋಶದ ಗೊಂದಲವೋ ಹೇಳಲಾಗದು. ಸೈಕ್ಲೋಹೆಕ್ಸಿಮೈಡ್ ನಮಗೂ ವಿಷವೇ, ಕೈಗವಸಿಲ್ಲದೆ ಮುಟ್ಟಬಾರದು.

ಇನ್ನು ರೈಬೋಸೋಮುಗಳನ್ನೇ ಎಣಿಸುವ ಮಾರ್ಗ. ಒಂದು ಸಂದೇಶವಾಹಕ ಆರ್‌ಎನ್‌ಎಯ ಮೇಲೆ ಏಕಕಾಲಕ್ಕೆ ಹಲವು ರೈಬೋಸೋಮುಗಳು ಓದುತ್ತ ಸಾಗುತ್ತವೆ. ಆ ಗುಂಪಿಗೆ ಪಾಲಿಸೋಮ್ ಎಂದು ಹೆಸರು. ಎಲೆಯನ್ನು ಪುಡಿ ಮಾಡಿ, ರೈಬೋಸೋಮುಗಳು ಇದ್ದಲ್ಲೇ ನಿಲ್ಲುವಂತೆ ಸೈಕ್ಲೋಹೆಕ್ಸಿಮೈಡ್, ಕ್ಲೋರಾಂಫೆನಿಕಾಲ್ ಎರಡನ್ನೂ ಬೆರೆಸಿದ ದ್ರಾವಣದಲ್ಲಿ ಕದಡುತ್ತಾರೆ. ಈ ರಸವನ್ನು ಮೇಲೆ ತೆಳು, ಕೆಳಗೆ ದಟ್ಟ ಇರುವಂತೆ ಸಕ್ಕರೆ ದ್ರಾವಣ ತುಂಬಿದ ಕೊಳವೆಯ ನೆತ್ತಿಗೆ ಸುರಿದು, ನಿಮಿಷಕ್ಕೆ 35ರಿಂದ 40 ಸಾವಿರ ಸುತ್ತಿನ ಅಲ್ಟ್ರಾಸೆಂಟ್ರಿಫ್ಯೂಜಿನಲ್ಲಿ, 4 ಡಿಗ್ರಿ ತಂಪಿನಲ್ಲಿ ಎರಡು ಮೂರು ಗಂಟೆ ತಿರುಗಿಸುತ್ತಾರೆ. ಒಂಟಿ ರೈಬೋಸೋಮುಗಳು ಮೇಲೆ ನಿಲ್ಲುತ್ತವೆ. ಎರಡು, ಮೂರು, ಆರು ಹೊತ್ತ ಸಂದೇಶಗಳು ಭಾರಕ್ಕೆ ತಕ್ಕಂತೆ ಕೆಳಕೆಳಗೆ ಇಳಿಯುತ್ತವೆ. ಕೊಳವೆಯ ದ್ರವವನ್ನು ನಿಧಾನ ಹೊರಗೆ ತಳ್ಳುತ್ತ 254 ನ್ಯಾನೊಮೀಟರ್ ಬೆಳಕಿನಲ್ಲಿ ಓದಿದರೆ ಪರದೆಯ ಮೇಲೆ ಗುಡ್ಡಗಳ ಸಾಲು. ಕೆಳಗಿನ ಗುಡ್ಡಗಳು ಎತ್ತರವಿದ್ದರೆ ಬಹಳ ಸಂದೇಶಗಳು ಓದಿನಲ್ಲಿವೆ ಎಂದು. 1970ರಲ್ಲೇ ಥಿಯೋಡರ್ ಶಾವ್ ಗೋವಿನಜೋಳದ ಸಸಿಗಳಲ್ಲಿ ನೀರಿನ ಕೊರತೆ ತಟ್ಟಿದ ಅರ್ಧ ಗಂಟೆಯ ಆಸುಪಾಸಿನಲ್ಲಿ ಪಾಲಿಸೋಮುಗಳು ಬಿಡಿಬಿಡಿಯಾಗತೊಡಗುವುದನ್ನು ಈ ಬಗೆಯಲ್ಲೇ ಕಂಡರು. ಮಳೆ ನಂಬಿದ ನಮ್ಮ ಹೊಲಗಳ ಬೆಳೆಗಳಿಗೆ ಇದಕ್ಕಿಂತ ಹತ್ತಿರದ ಪ್ರಯೋಗ ಯಾವುದು?

ಈ ಗುಡ್ಡಗಳನ್ನು ನಂಬುವ ಮುನ್ನ ಎರಡು ಎಚ್ಚರ. ಮಾದರಿಯ ಒಂದು ಪಾಲಿಗೆ ಇಡಿಟಿಎ ಹಾಕಿ ಓಡಿಸಬೇಕು. ಅದು ಮೆಗ್ನೀಸಿಯಮನ್ನು ಕಿತ್ತುಕೊಳ್ಳುವುದರಿಂದ ರೈಬೋಸೋಮು ಎರಡು ಹೋಳಾಗಿ ಪಾಲಿಸೋಮಿನ ಗುಡ್ಡಗಳು ಮಾಯವಾಗಬೇಕು. ಆಗದಿದ್ದರೆ ಅಲ್ಲಿದ್ದದ್ದು ಪಾಲಿಸೋಮೇ ಅಲ್ಲ, ಬೇರೆ ಯಾವುದೋ ಭಾರದ ಗಸಿ. ಎರಡನೆಯದು ಇನ್ನೂ ಮುಖ್ಯ. ರೈಬೋಸೋಮುಗಳು ಹೆಚ್ಚು ಕೂತಿವೆ ಎಂದರೆ ಕೆಲಸ ಜೋರು ಎಂದೂ ಇರಬಹುದು, ಮುಂದೆ ಸಾಗಲಾರದೆ ಸಾಲುಗಟ್ಟಿ ನಿಂತಿವೆ ಎಂದೂ ಇರಬಹುದು. ಗುಡ್ಡಗಳೂ ಒಂದು ಬಗೆಯ ಮಟ್ಟವನ್ನೇ ತೋರಿಸುತ್ತವೆ. ಅದಕ್ಕೆ ಪಾಲಿಸೋಮ್ ಚಿತ್ರದ ಪಕ್ಕದಲ್ಲಿ ಪ್ಯೂರೋಮೈಸಿನ್ ಅಥವಾ ವಿಕಿರಣದ ಗುರುತಿನ ಫಲಿತಾಂಶವನ್ನು ಇಡದ ವರದಿ ನನಗೆ ಅರ್ಧ ವರದಿ. 2009ರಲ್ಲಿ ಇಂಗೋಲಿಯಾ ಮತ್ತು ವೈಸ್‌ಮನ್ ತಂಡ ಯೀಸ್ಟ್‌ನಲ್ಲಿ ಆರಂಭಿಸಿದ ರೈಬೋ-ಸೀಕ್ ಇನ್ನೂ ಮುಂದೆ ಹೋಗಿ, ರೈಬೋಸೋಮಿನಡಿ ಮುಚ್ಚಿಕೊಂಡ 28ರಿಂದ 30 ಅಕ್ಷರಗಳ ಆರ್‌ಎನ್‌ಎ ತುಣುಕುಗಳನ್ನೇ ಓದಿ, ಯಾವ ಜೀನಿನ ಯಾವ ಜಾಗದಲ್ಲಿ ಎಷ್ಟು ರೈಬೋಸೋಮುಗಳಿವೆ ಎಂದು ಹೇಳುತ್ತದೆ. ಖರ್ಚು ಹೆಚ್ಚು, ಗಣಕದ ಕೆಲಸ ಅದಕ್ಕಿಂತ ಹೆಚ್ಚು.

ಗಿಡವನ್ನೇ ಬಿಟ್ಟು, ಅದರ ಕಾರ್ಖಾನೆಯನ್ನಷ್ಟೇ ಕೊಳವೆಗೆ ತರುವ ಸಾಧನವೂ ಇದೆ. ಅಲ್ಲಿ ಮತ್ತೆ ಗೋಧಿಯೇ ನಾಯಕ. ಗೋಧಿ ಕಾಳಿನ ತೂಕದಲ್ಲಿ ಮೊಳಕೆಯ ಭಾಗ, ಅಂದರೆ ಭ್ರೂಣ, ಶೇ 2ರಿಂದ 3ರಷ್ಟು ಮಾತ್ರ. ಆದರೆ ಮೊಳೆಯುವ ಗಳಿಗೆಗೆಂದು ರೈಬೋಸೋಮು, ಅಮೈನೊ ಆಮ್ಲ ಹೊತ್ತು ತರುವ ಆರ್‌ಎನ್‌ಎಗಳು, ಕಿಣ್ವಗಳು ಎಲ್ಲವೂ ಅಲ್ಲಿ ಮಡಚಿ ಇಟ್ಟಂತೆ ಸಿದ್ಧವಾಗಿರುತ್ತವೆ. 1973ರಲ್ಲಿ ರಾಬರ್ಟ್ಸ್ ಮತ್ತು ಪ್ಯಾಟರ್ಸನ್ ಗಿರಣಿಯಿಂದ ಬರುವ ಮಾಮೂಲಿ ಗೋಧಿ ಭ್ರೂಣವನ್ನು ಅರೆದು ತೆಗೆದ ರಸಕ್ಕೆ ತಂಬಾಕಿನ ಮೊಸಾಯಿಕ್ ವೈರಸ್ಸಿನ ಆರ್‌ಎನ್‌ಎ ಹಾಕಿದರು. ರಸ ವೈರಸ್ಸಿನ ಪ್ರೋಟೀನು ನೇಯ್ದಿತು. ಮೊಲದ ಹಿಮೋಗ್ಲೋಬಿನ್ನಿನ ಆರ್‌ಎನ್‌ಎ ಹಾಕಿದಾಗ ಅದನ್ನೂ ನೇಯ್ದಿತು. ಸಂದೇಶ ಯಾರದ್ದಾದರೂ ಗೋಧಿಯ ಯಂತ್ರ ಓದುತ್ತದೆ.

ಕೆಲಸ ಹೀಗೆ. ಭ್ರೂಣಗಳನ್ನು ಬೇರ್ಪಡಿಸಿ, ತೊಳೆದು, ದ್ರವ ಸಾರಜನಕದಲ್ಲಿ ಅರೆದು, ಪೊಟ್ಯಾಸಿಯಮ್ ಮತ್ತು ಮೆಗ್ನೀಸಿಯಮ್ ಇರುವ ದ್ರಾವಣದಲ್ಲಿ ಕದಡಿ, ಗುರುತ್ವದ 30,000 ಪಟ್ಟು ಬಲದಲ್ಲಿ ತಿರುಗಿಸಿ ಮೇಲಿನ ತಿಳಿ ತೆಗೆಯುತ್ತಾರೆ. ಅದನ್ನು ಸಣ್ಣ ಅಣುಗಳನ್ನು ಹಿಡಿದಿಡುವ ಜೆಲ್ ಕಂಬದಲ್ಲಿ ಸೋಸಿ ಚಿಕ್ಕಚಿಕ್ಕ ಕೊಳವೆಗಳಲ್ಲಿ ಮೈನಸ್ 80 ಡಿಗ್ರಿಗೆ ಇಟ್ಟರೆ ಬೇಕಾದಾಗ ಬಳಸಬಹುದು. ಪ್ರಯೋಗದ ದಿನ 20 ಅಮೈನೊ ಆಮ್ಲಗಳು, ಶಕ್ತಿಗೆ ಎಟಿಪಿ ಮತ್ತು ಜಿಟಿಪಿ, ಅವು ಮುಗಿದಾಗ ತುಂಬಿಕೊಡಲು ಕ್ರಿಯಾಟಿನ್ ಫಾಸ್ಫೇಟ್, ನಿಮಗೆ ಬೇಕಾದ ಸಂದೇಶವಾಹಕ ಆರ್‌ಎನ್‌ಎ, ಇಷ್ಟು ಬೆರೆಸಿ 26 ಡಿಗ್ರಿಯ ಸುತ್ತ ಇಟ್ಟರೆ ಸಾಕು. ಮೆಗ್ನೀಸಿಯಮ್ ಪ್ರಮಾಣ ಒಂಚೂರು ಆಚೀಚೆಯಾದರೂ ಯಂತ್ರ ಮುನಿಸಿಕೊಳ್ಳುತ್ತದೆ, ಹಾಗಾಗಿ ಪ್ರತಿ ಹೊಸ ರಸಕ್ಕೂ ಅದನ್ನು ಹೊಸದಾಗಿ ಹೊಂದಿಸಬೇಕು.

ಈ ರಸಕ್ಕೆ ಬಹುಕಾಲ ಒಂದು ರೋಗವಿತ್ತು: ಗಂಟೆಯೋ ಎರಡು ಗಂಟೆಯೋ ದುಡಿದು ಸತ್ತುಹೋಗುತ್ತಿತ್ತು. ಕಾರಣ ಹುಡುಕಿದವರು ಜಪಾನಿನ ಯಾಯೆಟಾ ಎಂಡೋ. ಅವರು ಅಲ್ಲಿಗೆ ಬಂದದ್ದು ಔಡಲ ಬೀಜದ ದಾರಿಯಿಂದ. ನಮ್ಮ ಹೊಲಗಳ ಬದುವಿನಲ್ಲಿ ಬೆಳೆಯುವ ಔಡಲದ ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. 1987ರಲ್ಲಿ ಎಂಡೋ ಮತ್ತು ಸುರುಗಿ ಅದರ ಕೆಲಸದ ಗುಟ್ಟು ಬಿಡಿಸಿದರು: ರೈಬೋಸೋಮಿನ ಆರ್‌ಎನ್‌ಎಯ ಸಾವಿರಾರು ಅಕ್ಷರಗಳಲ್ಲಿ ಒಂದೇ ಒಂದು ಅಡೆನಿನ್ನನ್ನು ಅದು ಕಿತ್ತುಹಾಕುತ್ತದೆ, ರೈಬೋಸೋಮು ಮತ್ತೆ ಏಳುವುದಿಲ್ಲ. ಗೋಧಿಯ ಹಿಟ್ಟಿನ ಭಾಗದಲ್ಲೂ ಟ್ರಿಟಿನ್ ಎಂಬ ಅದೇ ಜಾತಿಯ ಕಿಣ್ವವಿದೆ. ತಿನ್ನುವ ನಮಗೆ ಅದರಿಂದ ತೊಂದರೆಯಿಲ್ಲ. ಆದರೆ ಭ್ರೂಣವನ್ನು ಬೇರ್ಪಡಿಸುವಾಗ ಅಂಟಿಕೊಂಡು ಬಂದ ಹಿಟ್ಟಿನ ಜೊತೆ ಕೊಳವೆಗೆ ಸೇರಿ, ಗೋಧಿಯದೇ ರೈಬೋಸೋಮುಗಳನ್ನು ಕೊಲ್ಲುತ್ತಿತ್ತು. ಭ್ರೂಣಗಳನ್ನು ಮಾರ್ಜಕ ಹಾಕಿ ಚೊಕ್ಕವಾಗಿ ತೊಳೆದರೆ ರೋಗ ಹೋಯಿತು. 2000ದಲ್ಲಿ ಎಂಡೋ ತಂಡ ಪ್ರಕಟಿಸಿದ ಈ ರಸ ದಿನಗಟ್ಟಲೆ ದುಡಿದು, ಮಿಲಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಪ್ರೋಟೀನು ಕೊಟ್ಟಿತು. ವಿಜ್ಞಾನದಲ್ಲಿ ಎಷ್ಟೋ ಸಲ ದೊಡ್ಡ ಸುಧಾರಣೆ ಎಂದರೆ ಪಾತ್ರೆ ತೊಳೆಯುವುದೇ.

ಈಗ ಇಂಥ ರಸಗಳು ಸಿದ್ಧ ಕಿಟ್ಟುಗಳಾಗಿ ಸಿಗುತ್ತವೆ. ಬರದಲ್ಲಿ ಒಂದು ಸಂದೇಶ ಓದಿಸಿಕೊಳ್ಳದಿರುವುದು ಸಂದೇಶದ ದೋಷದಿಂದಲೋ, ರೈಬೋಸೋಮಿನ ಸ್ಥಿತಿಯಿಂದಲೋ ಎಂದು ಬಿಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಬಾಡಿದ ಗಿಡದ ಆರ್‌ಎನ್‌ಎಯನ್ನು ಆರೋಗ್ಯವಂತ ಗೋಧಿ ರಸಕ್ಕೆ ಹಾಕಿ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ.

ಜೀವಂತ ಗಿಡದಲ್ಲೇ ಬಣ್ಣದಿಂದ ನೋಡುವ ವರದಿಗಾರ ಜೀನುಗಳೂ ಇವೆ. 1987ರಲ್ಲಿ ರಿಚರ್ಡ್ ಜೆಫರ್ಸನ್ ಗಿಡಗಳಿಗೆ ತಂದ ಗಸ್ ಕಿಣ್ವ ಎಲೆಯನ್ನು ನೀಲಿಯಾಗಿಸುತ್ತದೆ, ಅಗ್ಗವೂ ಹೌದು. ಆದರೆ ಗಸ್ ಬೇಗ ಕರಗುವುದಿಲ್ಲ. ನಿನ್ನೆಯ ನೀಲಿ ಇವತ್ತೂ ಇರುತ್ತದೆ. ತಯಾರಿಕೆಯ ಏರಿಳಿತ ಬೇಕಾದವರು ಬೇಗ ಮುಗಿದುಹೋಗುವ ಲೂಸಿಫರೇಸ್ ಆರಿಸಿಕೊಳ್ಳಬೇಕು.

ಇಷ್ಟೆಲ್ಲ ಸಾಧನಗಳು ಕೂಡಿಬಂದರೂ ಕೆಲಸ ಕೆಡುವುದು ಬಹುಮಟ್ಟಿಗೆ ಮೊದಲ ಹೆಜ್ಜೆಯಲ್ಲಿ. ಗಿಡದ ಕೋಶಕ್ಕೆ ಗಟ್ಟಿ ಗೋಡೆಯಿದೆ, ಒಳಗೆ ಪ್ರೋಟೀನು ಕತ್ತರಿಸುವ ಕಿಣ್ವಗಳಿವೆ, ಹತ್ತಿಯಂಥ ಎಲೆಗಳಲ್ಲಿ ರಸವನ್ನು ಕಂದಾಗಿಸುವ ಫೀನಾಲುಗಳು ತುಂಬಿವೆ. ಅರೆಯುವಾಗ ಪಿವಿಪಿಪಿ ಹಾಕಿದರೆ ಅದು ಫೀನಾಲುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಷ್ಟಾದರೂ ರಸ ಕಂದಾದರೆ ಫೀನಾಲ್ ದ್ರಾವಕದಲ್ಲಿ ಪ್ರೋಟೀನು ಹೊರತೆಗೆಯುವ ದಾರಿಯೊಂದು ಉಳಿದಿರುತ್ತದೆ. ಎಲ್ಲಕ್ಕೂ ಮೊದಲು ಬೇಕಾದದ್ದು ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಹಳ್ಳಿಯ ಪಶು ವೈದ್ಯರು ಕೃತಕ ಗರ್ಭಧಾರಣೆಯ ಕಡ್ಡಿಗಳನ್ನು ಇಟ್ಟುಕೊಂಡು ತಿರುಗುವ ಕ್ಯಾನಿನಲ್ಲಿರುವುದೂ ಅದೇ, ಹಾಗಾಗಿ ಅದು ಈ ಭಾಗದಲ್ಲಿ ಸಿಗದ ವಸ್ತುವಲ್ಲ.

ಆ ಕ್ಯಾನು ಹೊಲಕ್ಕೇ ಹೋಗಬೇಕು. ಪಾಲಿಸೋಮುಗಳು ಅರ್ಧ ಗಂಟೆಯಲ್ಲಿ ಬದಲಾಗುವಂಥವು. ಎಲೆಯನ್ನು ಕಿತ್ತು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬೈಕಿನ ಹ್ಯಾಂಡಲಿಗೆ ತೂಗುಹಾಕಿ, ನಡುವೆ ಒಂದು ಚಹಾ ಕುಡಿದು ಪ್ರಯೋಗಾಲಯಕ್ಕೆ ತಂದರೆ, ಅಳೆಯುವುದು ಬರವನ್ನಲ್ಲ, ಚೀಲದೊಳಗಿನ ಸೆಕೆಯನ್ನು. ಗಿಡದಲ್ಲಿ ಎಷ್ಟನೆಯ ಎಲೆ ಎಂಬುದನ್ನು ಎಲ್ಲ ಮಾದರಿಗಳಿಗೂ ಒಂದೇ ಇಟ್ಟುಕೊಳ್ಳಿ. ಬೆಳಕಿನ ಜೊತೆ ತಯಾರಿಕೆಯೂ ಏರಿಳಿಯುವುದರಿಂದ ದಿನದ ಹೊತ್ತೂ ಒಂದೇ ಇರಲಿ. ನೀರು ಹಾಯಿಸಿದ ಮಡಿಯನ್ನು ಬೆಳಿಗ್ಗೆ, ಹಾಯಿಸದ್ದನ್ನು ಮಧ್ಯಾಹ್ನ ಕೊಯ್ಯುವುದು ಬೇಡ. ಎರಡೂ ಕಡೆ ಒಂದೊಂದೇ ಗಿಡದಂತೆ ಸರದಿಯಲ್ಲಿ ಕೊಯ್ಯಿರಿ. ಕಿತ್ತ ಎಲೆ ಕೆಲವೇ ಸೆಕೆಂಡುಗಳಲ್ಲಿ ದ್ರವ ಸಾರಜನಕದಲ್ಲಿ ಮುಳುಗಲಿ. ಚೀಟಿಗೆ ಪೆನ್ಸಿಲ್ ಬಳಸಿ, ಶಾಯಿ ಆ ಚಳಿಗೆ ನಿಲ್ಲುವುದಿಲ್ಲ. ಗಡಿಯಾರ ನೋಡಿ ಗಂಟೆ, ನಿಮಿಷ ಎರಡನ್ನೂ ಬರೆದುಕೊಳ್ಳಿ. ಪ್ಯೂರೋಮೈಸಿನ್ ಕೊಡುವುದಿದ್ದರೆ ಕೊಟ್ಟ ಹೊತ್ತೂ, ಎಲೆ ಹೆಪ್ಪುಗಟ್ಟಿದ ಹೊತ್ತೂ ಬೇರೆ ಬೇರೆ ಅಂಕಣದಲ್ಲಿರಲಿ.